ವ್ಯಾನ್ಸ್ ಜಾಯ್ ಅವರ ವೃತ್ತಿ ಒಂದೇ ಹಾಡಿನ ಮೇಲೆ ನಿಂತಿದೆಯೇ? ಕನ್ನಡದಲ್ಲಿ ಸ್ವಂತ ಹಾಡು ಬರೆಯುವವಳ ಪ್ರಶ್ನೆ

ಪ್ರಶ್ನೆ: ಬಸವನಗುಡಿಯ ಉಕುಲೇಲೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿಗೆ ಸೇರಿದಾಗಿನಿಂದಲೂ ಕನ್ನಡದಲ್ಲಿ ನನ್ನದೇ ಹಾಡುಗಳನ್ನು ಬರೆದು, ರಾಗ ಹಾಕಿ, ಉಕುಲೇಲೆ (ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ನುಡಿಸಿಕೊಂಡು ಹಾಡುತ್ತಾ ಬಂದಿದ್ದೇನೆ. ಈ ಊರಿನಲ್ಲಿ ಉಕುಲೇಲೆ ಕಲಿಯಲು ಹೋದವರಿಗೆ ಮೊದಲ ಕೆಲವು ಪಾಠಗಳಲ್ಲೇ ಹೇಳಿಕೊಡುವ ಹಾಡು ‘ರಿಪ್‌ಟೈಡ್’. ಅದನ್ನು ಬರೆದು ಹಾಡಿದವರು ಮೆಲ್ಬರ್ನ್‌ನ ವ್ಯಾನ್ಸ್ ಜಾಯ್. ಅವರ ಬಗ್ಗೆ ಓದುತ್ತಾ ಹೋದಂತೆ ನನ್ನ ಆಸಕ್ತಿ ಬೆಳೆಯಿತು, ಏಕೆಂದರೆ ಅವರೂ ಕಾನೂನು ಓದಿದವರೇ. ಜೇಮ್ಸ್ ಕಿಯೋ ಎಂಬುದು ಅವರ ಹುಟ್ಟುಹೆಸರು. 1987ರಲ್ಲಿ ಹುಟ್ಟಿದ ಅವರು ಮೊನ್ಯಾಶ್ ವಿಶ್ವವಿದ್ಯಾಲಯದಲ್ಲಿ ಕಲೆ ಮತ್ತು ಕಾನೂನು ಓದಿ, ನಡುವೆ ಕೋಬರ್ಗ್ ತಂಡದ ಪರವಾಗಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿ, ಅದರ ನಂತರವಷ್ಟೇ ಸಂಗೀತವನ್ನು ಪೂರ್ಣಾವಧಿಯ ಕೆಲಸವಾಗಿ ಕೈಗೆತ್ತಿಕೊಂಡರು.

ನನ್ನ ಪ್ರಶ್ನೆ ಇಷ್ಟು. ಅವರ ವೃತ್ತಿ ನಿಜವಾಗಿಯೂ ಕಟ್ಟಿಕೊಂಡದ್ದು ಹೇಗೆ? ನನ್ನ ಗೆಳೆಯರು ಅದನ್ನು ಅದೃಷ್ಟವೆಂದು ಹೇಳುತ್ತಾರೆ. ಒಂದು ಹಾಡು ಹಿಡಿಯಿತು, ಉಳಿದದ್ದೆಲ್ಲ ತಾನಾಗಿಯೇ ಬಂತು ಎನ್ನುತ್ತಾರೆ. ಆದರೆ ಒಂದು ಹಾಡು ಹಿಡಿದವರು ಅನೇಕರಿದ್ದಾರೆ, ಹತ್ತು ವರ್ಷದ ನಂತರವೂ ಹಾಡಿಕೊಂಡು ಬದುಕುತ್ತಿರುವವರು ಅಷ್ಟಿಲ್ಲ. ಹಾಗಾದರೆ ಆ ಹಾಡಿನ ಮುಂಚೆ ಏನಿತ್ತು, ಆಮೇಲೆ ಏನಾಯಿತು, ಅದರಲ್ಲಿ ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲಿ ಬರೆಯುವ ನನಗೆ ದಕ್ಕುವಂಥದ್ದು ಏನಿದೆ ಎಂಬುದನ್ನು ಬಲ್ಲವರು ತಿಳಿಸಬೇಕು. ಯಾರು ಬೇಕಾದರೂ ಬಂದು ಹಾಡಬಹುದಾದ ಇಲ್ಲಿನ ಓಪನ್ ಮೈಕ್‌ಗಳಲ್ಲಿ ಹಾಡುತ್ತೇನೆ. ಜನ ಕೇಳುತ್ತಾರೆ, ಚಪ್ಪಾಳೆಯೂ ಬರುತ್ತದೆ. ಆದರೆ ಹಾಡು ಮುಗಿದ ಕೂಡಲೇ ‘ಯಾವುದಾದರೂ ಸಿನಿಮಾ ಹಾಡು ಬರುತ್ತದೆಯೇ’ ಎಂಬ ಕೋರಿಕೆ ಬರುತ್ತದೆ. ಮನೆಯಲ್ಲಿ ಯಾರೂ ಬೇಡವೆಂದಿಲ್ಲ. ಆದರೆ ಈ ದಾರಿಗೆ ಒಂದು ನಕ್ಷೆ ಇದೆಯೇ ಎಂದು ಅಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1: ಮೆಲ್ಬರ್ನ್‌ನಿಂದ ಮಲ್ಲೇಶ್ವರಕ್ಕೆ

ನೀವು ಕೇಳಿರುವ ಕಾಲದಲ್ಲಿ ನಾನು ಕೆಲಸದ ನಿಮಿತ್ತ ಮೆಲ್ಬರ್ನ್‌ನಲ್ಲಿದ್ದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ತಿಳಿಯಬೇಕಾದದ್ದು, ಆ ಹಾಡು ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಅದರ ಆರಂಭದ ಸಾಲುಗಳನ್ನು ಅವರು 2008ರಲ್ಲೇ ಬರೆದಿದ್ದರು. ಮುಂದೆ ಸಾಗದೆ ಅದನ್ನು ಬದಿಗಿಟ್ಟು, 2012ರಲ್ಲಿ ಮತ್ತೆ ಕೈಗೆತ್ತಿಕೊಂಡು ಮುಗಿಸಿದರು. ಆ ನಾಲ್ಕು ವರ್ಷಗಳಲ್ಲಿ ಅವರು ಸುಮ್ಮನಿರಲಿಲ್ಲ. ಓದುತ್ತಿದ್ದರು, ಆಟವಾಡುತ್ತಿದ್ದರು, ಮೆಲ್ಬರ್ನ್‌ನ ಓಪನ್ ಮೈಕ್‌ಗಳಲ್ಲಿ ಹಾಡುತ್ತಿದ್ದರು. ಆ ನಗರದಲ್ಲಿ ಪಬ್ಬುಗಳ ಹಿಂಬದಿಯ ಕೋಣೆಯಲ್ಲಿ ವಾರದ ಯಾವ ದಿನ ಹೋದರೂ ಯಾರಾದರೊಬ್ಬರು ಗಿಟಾರ್ ಹಿಡಿದು ತಮ್ಮದೇ ಹಾಡು ಹಾಡುತ್ತಿರುತ್ತಾರೆ, ಮತ್ತು ಕೇಳುವವರು ಅದನ್ನು ಸ್ವಂತ ಹಾಡೆಂದೇ ನಿರೀಕ್ಷಿಸಿ ಬಂದಿರುತ್ತಾರೆ. ಈ ನಿರೀಕ್ಷೆ ಇರುವುದರಿಂದಲೇ ಹೊಸಬರಿಗೆ ತಮ್ಮ ಕಚ್ಚಾ ಹಾಡುಗಳನ್ನು ಜನರ ಮುಂದೆ ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ.

2013ರ ಮಾರ್ಚ್‌ನಲ್ಲಿ ಅವರ ಮೊದಲ ಇಪಿ, ಅಂದರೆ ಪೂರ್ಣ ಆಲ್ಬಂಗಿಂತ ಚಿಕ್ಕದಾದ ಹಾಡುಗಳ ಗುಚ್ಛ, ಹೊರಬಂತು. ಐದು ಹಾಡುಗಳ ಆ ಇಪಿಯಲ್ಲಿ ‘ರಿಪ್‌ಟೈಡ್’ ಒಂದು. ಅದರ ಜೊತೆಯಲ್ಲಿಯೇ ‘ಫ್ರಮ್ ಅಫಾರ್’, ‘ಪ್ಲೇ ವಿತ್ ಫೈರ್’ ಮೊದಲಾದ ಹಾಡುಗಳಿದ್ದವು. ಅಂದರೆ ಒಂದು ಹಾಡು ಕಿವಿಗೆ ಬಿದ್ದು ಇವರು ಯಾರೆಂದು ಹುಡುಕಿಕೊಂಡು ಹೋದವರಿಗೆ ಮುಂದೆ ಕೇಳಲು ಇನ್ನೂ ನಾಲ್ಕು ಹಾಡುಗಳು ಸಿದ್ಧವಾಗಿದ್ದವು. ವೇದಿಕೆಯ ಹೆಸರನ್ನು ಅವರು ಆಸ್ಟ್ರೇಲಿಯಾದ ಲೇಖಕ ಪೀಟರ್ ಕೇರಿ ಅವರ ಕಾದಂಬರಿಯೊಂದರ ಕತೆಗಾರ ಪಾತ್ರದಿಂದ ತೆಗೆದುಕೊಂಡಿದ್ದಾರೆ; ಹಾಡುಗಾರನಾಗಿ ತಮ್ಮ ಕೆಲಸ ಕತೆ ಹೇಳುವುದೆಂದು ಅವರು ಮೊದಲೇ ನಿಶ್ಚಯಿಸಿಕೊಂಡಿದ್ದರೆಂದು ನನಗೆ ಅನಿಸುತ್ತದೆ. ಅದೇ ವರ್ಷ ಅಮೆರಿಕದ ಧ್ವನಿಮುದ್ರಿಕೆ ಕಂಪನಿಯಾದ ಅಟ್ಲಾಂಟಿಕ್ ರೆಕಾರ್ಡ್ಸ್ ಅವರೊಂದಿಗೆ ಐದು ಆಲ್ಬಂಗಳ ಒಪ್ಪಂದ ಮಾಡಿಕೊಂಡಿತು.

ಈಗ ರೇಡಿಯೊ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಉತ್ತರ ಇಲ್ಲಿದೆ. ಆಸ್ಟ್ರೇಲಿಯಾದಲ್ಲಿ ಟ್ರಿಪಲ್ ಜೆ ಎಂಬ ಕೇಂದ್ರವಿದೆ. ಅದು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಗೆ ಸೇರಿದ್ದು; ಸರ್ಕಾರದ ಹಣದಲ್ಲಿ ನಡೆಯುತ್ತದೆ, ಜಾಹೀರಾತುಗಳಿಲ್ಲ. 1975ರ ಜನವರಿಯಲ್ಲಿ ಸಿಡ್ನಿಯಲ್ಲಿ ಯುವಜನರಿಗಾಗಿ ಆರಂಭವಾದ ಆ ಕೇಂದ್ರ ಕ್ರಮೇಣ ಇಡೀ ದೇಶಕ್ಕೆ ಹಬ್ಬಿತು. 1995ರಲ್ಲಿ ಅವರು ‘ಅನರ್ಥ್‌ಡ್’ ಎಂಬ ಯೋಜನೆ ಆರಂಭಿಸಿದರು. ಯಾವ ಕಂಪನಿಯ ಬೆಂಬಲವೂ ಇಲ್ಲದ ಹಾಡುಗಾರರು ತಮ್ಮ ಧ್ವನಿಮುದ್ರಿಕೆಯನ್ನು ನೇರವಾಗಿ ಕೇಂದ್ರಕ್ಕೆ ಕಳುಹಿಸಬಹುದು; 2006ರಿಂದ ಅದು ಜಾಲತಾಣದ ಮೂಲಕ ನಡೆಯುತ್ತದೆ. ಕೇಂದ್ರದವರು ಅದನ್ನು ಕೇಳುತ್ತಾರೆ, ಸಾರ್ವಜನಿಕರೂ ಕೇಳಿ ಅಭಿಪ್ರಾಯ ಬರೆಯುತ್ತಾರೆ, ಹಿಡಿಸಿದ್ದನ್ನು ಪ್ರಸಾರ ಮಾಡುತ್ತಾರೆ. ಖಾಸಗಿ ಕೇಂದ್ರಗಳಿಗೂ ಅಲ್ಲಿ ನಿಯಮವಿದೆ: ಜನಪ್ರಿಯ ಸಂಗೀತ ಪ್ರಸಾರ ಮಾಡುವವರು ತಾವು ಹಾಕುವ ಸಂಗೀತದಲ್ಲಿ ಶೇಕಡಾ 25ರಷ್ಟನ್ನು ಸ್ವದೇಶಿ ಕಲಾವಿದರಿಗೆ ಮೀಸಲಿಡಬೇಕು. ಅಮೆರಿಕ ಮತ್ತು ಇಂಗ್ಲೆಂಡಿನ ಇಂಗ್ಲಿಷ್ ಹಾಡುಗಳ ಪ್ರವಾಹದಲ್ಲಿ ತಮ್ಮವರ ಹಾಡು ಕೊಚ್ಚಿಹೋಗಬಾರದೆಂದು ಆ ಸಮಾಜ ತಾನೇ ತೀರ್ಮಾನಿಸಿ ಕಟ್ಟಿಕೊಂಡ ವ್ಯವಸ್ಥೆ ಇದು.

ಪ್ರತಿ ವರ್ಷ ಆ ಕೇಂದ್ರ ತನ್ನ ಕೇಳುಗರಿಂದ ಮತ ಪಡೆದು ವರ್ಷದ ನೂರು ಹಾಡುಗಳ ಪಟ್ಟಿಯನ್ನು ಪ್ರಸಾರ ಮಾಡುತ್ತದೆ. 2013ರ ಪಟ್ಟಿ ಪ್ರಸಾರವಾದದ್ದು 2014ರ ಜನವರಿ 26ರಂದು; ನಮ್ಮ ಗಣರಾಜ್ಯೋತ್ಸವದ ದಿನವೇ ಅಲ್ಲಿ ಆಸ್ಟ್ರೇಲಿಯಾ ದಿನ, ಕಡುಬೇಸಿಗೆಯ ರಜೆ. ಜನರು ಹಿತ್ತಿಲಲ್ಲಿ ರೇಡಿಯೊ ಇಟ್ಟುಕೊಂಡು, ಅಡುಗೆ ಮಾಡಿಕೊಂಡು, ನೂರರಿಂದ ಒಂದರವರೆಗೆ ಇಡೀ ದಿನ ಕೇಳುತ್ತಾರೆ. ಅಂದು ನ್ಯೂಜಿಲೆಂಡಿನ ಗಾಯಕಿ ಲಾರ್ಡ್ ಅವರ ‘ರಾಯಲ್ಸ್’ ಎರಡನೆಯ ಸ್ಥಾನದಲ್ಲಿ ಉಳಿದು, ‘ರಿಪ್‌ಟೈಡ್’ ಮೊದಲನೆಯದಾಯಿತು. ಆ ಹೊತ್ತಿಗೆ ವ್ಯಾನ್ಸ್ ಜಾಯ್ ಅವರ ಒಂದು ಪೂರ್ಣ ಆಲ್ಬಂ ಕೂಡ ಬಂದಿರಲಿಲ್ಲ ಎಂಬುದನ್ನು ಗಮನಿಸಿ. ಮುಂದೆ ಆ ಹಾಡು ಆಸ್ಟ್ರೇಲಿಯಾದ ಜನಪ್ರಿಯತೆಯ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ವಾರ ಉಳಿಯಿತು. ಆದರೆ ಆ ಪಟ್ಟಿಯಲ್ಲಿ ಅದು ಏರಿದ ಅತ್ಯುನ್ನತ ಸ್ಥಾನ ಆರು ಮಾತ್ರ. ಸ್ಫೋಟದಂತೆ ಮೇಲೇರಿ ಇಳಿದ ಹಾಡಲ್ಲ ಅದು. ಹೊಸ ಕೇಳುಗರು ನಿಧಾನವಾಗಿ, ಬಿಡದೆ ಸೇರುತ್ತಾ ಹೋದ ಹಾಡು. ನಿಮ್ಮ ಗೆಳೆಯರು ಹೇಳುವ ಅದೃಷ್ಟದ ಕತೆಗೆ ಈ ಒಂದು ಸಂಗತಿಯೇ ಸಾಕಷ್ಟು ಉತ್ತರವೆಂದು ನಾನು ಭಾವಿಸುತ್ತೇನೆ.

ಉತ್ತರ 2: ಹನುಮಂತನಗರದ ಧ್ವನಿಮುದ್ರಕ

ಮೇಲಿನವರು ವ್ಯವಸ್ಥೆಯ ಬಗ್ಗೆ ಬರೆದಿದ್ದಾರೆ, ನಾನು ಹಾಡಿನ ಬಗ್ಗೆಯೇ ಬರೆಯುತ್ತೇನೆ. ಎಷ್ಟೇ ಒಳ್ಳೆಯ ರೇಡಿಯೊ ಇದ್ದರೂ ಹಾಡು ಗಟ್ಟಿಯಾಗಿರದಿದ್ದರೆ ನೂರು ವಾರ ಉಳಿಯುವುದಿಲ್ಲ.

ನೀವು ನುಡಿಸುವವರಾದ್ದರಿಂದ ಕೈಯಲ್ಲಿ ಹಿಡಿದು ನೋಡಿ. ಮೊದಲ ಮನೆಯಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಹಿಡಿಕೆ) ಹಾಕಿಕೊಂಡರೆ ಇಡೀ ಹಾಡು ಬಹುತೇಕ ಎ ಮೈನರ್, ಜಿ, ಸಿ ಎಂಬ ಮೂರೇ ಸ್ವರಮೇಳಗಳಲ್ಲಿ (ಕಾರ್ಡ್‌ಗಳಲ್ಲಿ) ಸಾಗುತ್ತದೆ. ಎ ಮೈನರ್‌ಗೆ ಒಂದು ಬೆರಳು, ಸಿಗೆ ಒಂದು ಬೆರಳು, ಜಿಗೆ ಮಾತ್ರ ಮೂರು. ಕಲಿಯುವವರಿಗೆ ಇದನ್ನು ಮೊದಲು ಕೊಡುವುದಕ್ಕೆ ಕಾರಣ ಇದೇ. ಆದರೆ ಸುಲಭವಾಗಿರುವುದಕ್ಕಿಂತ ಮುಖ್ಯವಾದದ್ದು ಜೋಡಣೆ. ಹಾಡಿನ ಮನೆಯಂತಿರುವ ಸಿ ಸ್ವರಮೇಳದಿಂದ ಆರಂಭಿಸದೆ, ಎ ಮೈನರ್‌ನಿಂದ ಹೊರಟು ಜಿಯನ್ನು ದಾಟಿ ಸಿಗೆ ಬಂದು ನಿಲ್ಲುವುದರಿಂದ, ಪ್ರತಿ ಸುತ್ತಿನಲ್ಲೂ ಕಿವಿ ಏನನ್ನೋ ಅರಸಿ ತಲುಪಿದಂತಾಗುತ್ತದೆ. ಇದೇ ಸುತ್ತು ಎಷ್ಟೋ ಸಲ ತಿರುಗಿದ ಮೇಲೆ, ಹಾಡಿನ ಮಧ್ಯಭಾಗದಲ್ಲಿ ಮೊದಲ ಬಾರಿಗೆ ಎಫ್ ಬರುತ್ತದೆ. ಅಷ್ಟು ಹೊತ್ತು ತಡೆಹಿಡಿದದ್ದರಿಂದಲೇ ಆ ಒಂದು ಸ್ವರಮೇಳಕ್ಕೆ ಅಷ್ಟು ಬಲ ಬಂದಿದೆ. ನಮ್ಮ ಹುಡುಗರು ಪಲ್ಲವಿಯಲ್ಲೇ ಏಳೆಂಟು ಸ್ವರಮೇಳ ತುರುಕಿದ ಹಾಡುಗಳನ್ನು ಮುದ್ರಿಸಲು ತಂದಾಗ ನಾನು ಈ ಹಾಡಿನ ಉದಾಹರಣೆ ಕೊಡುತ್ತೇನೆ.

ವಾದ್ಯದ ಗುಣವೂ ಇಲ್ಲಿ ಕೆಲಸ ಮಾಡಿದೆ. ಉಕುಲೇಲೆಯ ನಾಲ್ಕನೆಯ ತಂತಿಯನ್ನು ಸಾಮಾನ್ಯವಾಗಿ ಮಂದ್ರಕ್ಕೆ ಇಳಿಸದೆ ಮೇಲಿನ ಸ್ವರಕ್ಕೇ ಶ್ರುತಿ ಮಾಡುತ್ತಾರೆ. ಆದ್ದರಿಂದ ಕೆಳಗಿನ ನಾದವೇ ಇರುವುದಿಲ್ಲ. ಗಂಡು ದನಿಗೆ ಅಲ್ಲಿ ಪೂರ್ತಿ ಜಾಗ ಸಿಗುತ್ತದೆ; ಗಿಟಾರಿನ ಮಂದ್ರತಂತಿಗಳ ಜೊತೆ ದನಿ ಜಗಳವಾಡಬೇಕಾಗಿಲ್ಲ. ಸಾಹಿತ್ಯವೂ ಹಾಗೆಯೇ: ದೊಡ್ಡ ಮಾತುಗಳಿಲ್ಲ. ಬಾಲ್ಯದ ಸಣ್ಣ ಸಣ್ಣ ಭಯಗಳಿಂದ ಆರಂಭಿಸಿ, ಒಂದರ ಪಕ್ಕ ಒಂದು ಚಿತ್ರ ಇಡುತ್ತಾ ಹೋಗುತ್ತಾರೆ. ಆ ಚಿತ್ರಗಳ ನಡುವಿನ ಸಂಬಂಧವನ್ನು ಬಿಡಿಸಿ ಹೇಳುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆ ಹಾಡಿನ ಮೀಟು ಕೈಗೆ ಅಭ್ಯಾಸವಾದ ಮೇಲೆ ಅದೇ ನಡಿಗೆಯಲ್ಲಿ ಕನ್ನಡ ಸಾಲು ಕೂರಿಸಲು ಹೋಗುತ್ತಾರೆ. ಆಗ ಹ್ರಸ್ವ ದೀರ್ಘವಾಗುತ್ತದೆ, ದೀರ್ಘ ಮುರಿಯುತ್ತದೆ, ಒತ್ತಕ್ಷರದ ಮುಂದೆ ಕೈ ತಡವರಿಸುತ್ತದೆ, ಕೇಳಿದವರಿಗೆ ಅನುವಾದ ಕೇಳಿದಂತಾಗುತ್ತದೆ. ಮೊದಲು ಸಾಲನ್ನು ವಾದ್ಯವಿಲ್ಲದೆ ಬಾಯಲ್ಲಿ ಹೇಳಿ ನೋಡಿ. ಅದು ಮೂರು ಮಾತ್ರೆಯ ಗಣದಲ್ಲಿ ನಡೆಯುತ್ತಿದೆಯೇ, ನಾಲ್ಕರಲ್ಲೋ, ಐದರಲ್ಲೋ ಎಂದು ತಿಳಿದುಕೊಂಡು, ಆಮೇಲೆ ಕೈಯ ಮೀಟನ್ನು ಅದಕ್ಕೆ ಒಗ್ಗಿಸಿ. ಐದು ಮಾತ್ರೆಯ ನಡಿಗೆಯಲ್ಲಿ ಉಕುಲೇಲೆ ನುಡಿಸುವವರು ಬಹಳ ಕಡಿಮೆ. ನಮ್ಮ ಛಂದಸ್ಸಿಗೆ ಅದು ಸಹಜ. ನಿಮ್ಮ ಹಾಡು ಬೇರೆಯವರ ಹಾಡಿನಿಂದ ಬೇರೆಯಾಗಿ ಕೇಳಿಸಲು ಅಲ್ಲಿಯೇ ಒಂದು ದಾರಿ ಇದೆ.

ಉತ್ತರ 3: ರಾಜಾಜಿನಗರದ ಹಳೆಯ ಕೇಳುಗ

ತಂಗಿ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಆದರೆ ಮೊದಲ ಉತ್ತರದ ಒಂದು ಭಾಗಕ್ಕೆ ನನ್ನ ಸಹಮತವಿಲ್ಲ. ರೇಡಿಯೊ ಒಂದೇ ಆ ವೃತ್ತಿಯನ್ನು ಕಟ್ಟಿತು ಎಂಬಂತೆ ಅದು ಓದಿಸಿಕೊಳ್ಳುತ್ತದೆ. ದೊಡ್ಡ ಕಂಪನಿಯ ಹಣ ಮತ್ತು ದೊಡ್ಡ ವೇದಿಕೆ ಮಾಡಿದ ಕೆಲಸವನ್ನು ಬಿಟ್ಟು ಲೆಕ್ಕ ಹಾಕಿದರೆ ನಿಮಗೆ ತಪ್ಪು ಭರವಸೆ ಕೊಟ್ಟಂತಾಗುತ್ತದೆ.

2014ರಲ್ಲಿ ಬಂದ ಅವರ ಮೊದಲ ಆಲ್ಬಂ ‘ಡ್ರೀಮ್ ಯುವರ್ ಲೈಫ್ ಅವೇ’ ಅನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಂಗೀತ ನಿರ್ಮಾಪಕ ರಯಾನ್ ಹ್ಯಾಡ್ಲಾಕ್ ಅವರೊಂದಿಗೆ ಮಾಡಲಾಯಿತು. ಅದಕ್ಕೆ ಮುಂಚೆ ‘ದಿ ಲ್ಯೂಮಿನೀರ್ಸ್’ ತಂಡದ ಆಲ್ಬಂ ಮಾಡಿ ಹೆಸರಾಗಿದ್ದವರು ಅವರು. ಅದೇ ವರ್ಷ ಟೇಲರ್ ಸ್ವಿಫ್ಟ್ ಬಿಬಿಸಿ ರೇಡಿಯೊ 1ರಲ್ಲಿ ‘ರಿಪ್‌ಟೈಡ್’ ಅನ್ನು ತಾವೇ ಹಾಡಿದರು. ಮುಂದಿನ ವರ್ಷ ತಮ್ಮ ವಿಶ್ವ ಪ್ರವಾಸದಲ್ಲಿ, ಉತ್ತರ ಅಮೆರಿಕದ ಮತ್ತು ಆಸ್ಟ್ರೇಲಿಯಾದ ಕ್ರೀಡಾಂಗಣಗಳಲ್ಲಿ, ತಮ್ಮ ಕಾರ್ಯಕ್ರಮಕ್ಕೆ ಮುಂಚೆ ಹಾಡಲು ವ್ಯಾನ್ಸ್ ಜಾಯ್ ಅವರನ್ನು ಕರೆದೊಯ್ದರು. ಬೇರೊಬ್ಬರಿಗಾಗಿ ಬಂದು ಕೂತ ಸಾವಿರಾರು ಜನರ ಮುಂದೆ ರಾತ್ರಿಯ ಮೇಲೆ ರಾತ್ರಿ ಹಾಡುವುದು ಸಣ್ಣ ತಾಲೀಮಲ್ಲ. ಆದರೆ ಆ ಅವಕಾಶ ಪ್ರತಿಭೆಯೊಂದರಿಂದಲೇ ಬರುವುದಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಧ್ವನಿಮುದ್ರಣ ಉದ್ಯಮದ ಸಂಘ ಕೊಡುವ ಏರಿಯಾ (ARIA) ಪ್ರಶಸ್ತಿಗಳಲ್ಲಿ ಅವರಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ ಬಂತು. ಆಮೇಲಿನ ‘ನೇಷನ್ ಆಫ್ ಟೂ’ 2018ರಲ್ಲಿ, ‘ಇನ್ ಅವರ್ ಓನ್ ಸ್ವೀಟ್ ಟೈಮ್’ 2022ರಲ್ಲಿ ಬಂದವು. ಆಲ್ಬಂಗಳ ನಡುವೆ ನಾಲ್ಕು ನಾಲ್ಕು ವರ್ಷ. ಅವಸರವಿಲ್ಲದೆ ಬರೆಯುವ ಸ್ವಾತಂತ್ರ್ಯವನ್ನು ಅವರು ಉಳಿಸಿಕೊಂಡರು, ಅದನ್ನು ಮೆಚ್ಚುತ್ತೇನೆ.

ಇನ್ನು ನಮ್ಮ ಊರಿನ ಮಾತು. ಸಿನಿಮಾದ ಹಂಗಿಲ್ಲದ ಹಾಡನ್ನು ಕನ್ನಡಿಗರು ಕೇಳುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಊರೂರಿಗೆ ಒಯ್ದು ಹಾಡಿದರು, ಆಕಾಶವಾಣಿ ಅವನ್ನು ಮನೆಮನೆಗೆ ತಲುಪಿಸಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಅದನ್ನು ಕೊಂಡವರು ಸಿನಿಮಾ ನೋಡಿ ಕೊಂಡವರಲ್ಲ. ಸಿ. ಅಶ್ವತ್ಥ್ ಅವರ ಕಾರ್ಯಕ್ರಮಗಳಿಗೆ ಮೈದಾನಗಳು ತುಂಬುತ್ತಿದ್ದವು. ನಮ್ಮಲ್ಲಿ ಪದ್ಯ ಬರೆಯುವವರು ಒಬ್ಬರು, ರಾಗ ಹಾಕಿ ಹಾಡುವವರು ಇನ್ನೊಬ್ಬರು ಎಂಬ ಪದ್ಧತಿ ಬೇರೂರಿದೆ; ತಾನೇ ಬರೆದು ತಾನೇ ಹಾಡುವವರು ತತ್ತ್ವಪದಕಾರರ ಪರಂಪರೆಯಲ್ಲಿದ್ದರು. ಇತ್ತೀಚೆಗೆ ರಘು ದೀಕ್ಷಿತ್ ಅವರು ಆ ಎರಡೂ ದಾರಿಗಳನ್ನು ಕೂಡಿಸಿದರು. ಶಿಶುನಾಳ ಷರೀಫರ ಪದಗಳನ್ನೂ ತಮ್ಮದೇ ಹಾಡುಗಳನ್ನೂ ಗಿಟಾರಿನೊಂದಿಗೆ ಹಾಡಿ, 2008ರಲ್ಲಿ ಮೊದಲ ಆಲ್ಬಂ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಲುಂಗಿ ಗೆಜ್ಜೆಗಳೊಂದಿಗೆ ನಿಂತು ಹಾಡಿದರು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಬೆಂಗಳೂರಿನ ಸಣ್ಣ ವೇದಿಕೆಗಳಲ್ಲಿ ಅವರು ಹಾಡಿದ್ದನ್ನು ಕೇಳಿದವರು ಈ ಊರಿನಲ್ಲಿ ಇನ್ನೂ ಇದ್ದಾರೆ.

ನಮಗೆ ಇಲ್ಲದಿರುವುದು ಕೇಳುಗರಲ್ಲ. ಹೊಸಬರ ಹಾಡನ್ನು ಕೇಳುಗರವರೆಗೆ ಮುಟ್ಟಿಸುವ ಕೇಂದ್ರ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಆದರೆ ಅಂದಿನಿಂದ ಇಂದಿನವರೆಗೂ ಖಾಸಗಿ ಎಫ್‌ಎಂಗಳು ನಡೆಯುವುದು ಬಹುಮಟ್ಟಿಗೆ ಸಿನಿಮಾ ಹಾಡುಗಳ ಮೇಲೆ. ಸಿನಿಮಾದ ಪ್ರಚಾರಕ್ಕೆ ನಿರ್ಮಾಪಕರಿದ್ದಾರೆ, ಆಡಿಯೋ ಕಂಪನಿಗಳಿವೆ. ಒಂಟಿ ಹಾಡುಗಾರ್ತಿಯ ಹಿಂದೆ ಯಾರೂ ಇಲ್ಲ. ಸ್ವಂತ ಹಾಡುಗಳಿಗೆಂದೇ ಹೆಸರಾಗಿದ್ದ ಇಂದಿರಾನಗರದ ಸಂಗೀತ ವೇದಿಕೆ ಹಮ್ಮಿಂಗ್ ಟ್ರೀ ಕೂಡ 2019ರಲ್ಲಿ ಮುಚ್ಚಿತು. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹಾಡು ಬರೆಯುವ ಮಕ್ಕಳು ಈ ಊರಿನಲ್ಲಿ ನೂರಾರು ಜನ ಇದ್ದಾರೆ.

ಪ್ರಶ್ನೆ ಕೇಳಿದವರ ಮಾತು: ಬಸವನಗುಡಿಯ ಉಕುಲೇಲೆ

ಎಲ್ಲ ಉತ್ತರಗಳನ್ನೂ ಓದಿದೆ, ಮೂವರಿಗೂ ಕೃತಜ್ಞತೆಗಳು. ಸರ್, ನೀವು ಹೇಳಿದ ಐದು ಮಾತ್ರೆಯ ಅಭ್ಯಾಸವನ್ನು ಆರಂಭಿಸಿದ್ದೇನೆ. ಬಲಗೈ ಇನ್ನೂ ನಾಲ್ಕಕ್ಕೇ ಜಾರುತ್ತದೆ, ಆದರೆ ಮೊದಲ ಬಾರಿಗೆ ನನ್ನ ಸಾಲು ನನ್ನದೇ ಮಾತಿನಂತೆ ಕೇಳಿಸಿತು.

ಇನ್ನೊಂದು ಪ್ರಶ್ನೆಯಿದೆ. ಆಸ್ಟ್ರೇಲಿಯಾದಲ್ಲಿ ವೇದಿಕೆಯ ಮೇಲೆ ತನ್ನದೇ ಹಾಡು ಹಾಡಿದವರಿಗೂ ಗೌರವಧನದ ಹೊರತಾಗಿ ರಾಯಧನ ಬರುತ್ತದೆ ಎಂದು ಓದಿದೆ. ನಮ್ಮಲ್ಲಿ ಅಂಥದ್ದು ಇದೆಯೇ? ಜೊತೆಗೆ, ಒಂದು ಆಡಿಯೋ ಕಂಪನಿಯವರು ನನ್ನ ಎರಡು ಹಾಡುಗಳನ್ನು ತಾವೇ ಬಿಡುಗಡೆ ಮಾಡುತ್ತೇವೆಂದು ಕರಾರು ಪತ್ರ ಕಳುಹಿಸಿದ್ದಾರೆ. ಅದರಲ್ಲಿ ಅವಧಿಯ ಉಲ್ಲೇಖವೇ ಇಲ್ಲ. ಕಾನೂನು ವಿದ್ಯಾರ್ಥಿನಿಯಾಗಿ ನನಗೆ ಅನುಮಾನ ಬಂದಿದೆ, ಹಾಡುಗಾರ್ತಿಯಾಗಿ ಆಸೆಯಾಗಿದೆ. ಅನುಭವವಿದ್ದವರು ತಿಳಿಸಬೇಕು. ಮೈಸೂರು ಅನಂತಸ್ವಾಮಿಯವರ ಹಾದಿಯಲ್ಲಿ ಬೇಂದ್ರೆಯವರ ಒಂದು ಪದ್ಯಕ್ಕೂ ರಾಗ ಹಾಕಿದ್ದೇನೆ, ಅದನ್ನೂ ಮುದ್ರಿಸಬಹುದೇ?

ಉತ್ತರ 4: ಜಯನಗರದ ವಕೀಲೆ

ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿದಿರಿ, ಒಳ್ಳೆಯದಾಯಿತು.

ಮೊದಲು ರಾಯಧನದ ವಿಷಯ. ಆಸ್ಟ್ರೇಲಿಯಾದಲ್ಲಿ ಆಪ್ರಾ ಎಂಬ ಸಂಸ್ಥೆ 1926ರಿಂದ ಇದೆ. ಹಾಡು ಬರೆದವರು ಅದರ ಸದಸ್ಯರಾಗುತ್ತಾರೆ. ಪಬ್ಬು, ಸಭಾಂಗಣ, ರೇಡಿಯೊಗಳು ಅದಕ್ಕೆ ಪರವಾನಗಿ ಶುಲ್ಕ ಕಟ್ಟುತ್ತವೆ. ಸದಸ್ಯರು ತಾವು ಎಲ್ಲಿ, ಯಾವ ಹಾಡುಗಳನ್ನು ಹಾಡಿದೆವೆಂಬ ಪಟ್ಟಿ ಕೊಟ್ಟರೆ ಆ ಹಣದಲ್ಲಿ ಅವರ ಪಾಲು ಬರುತ್ತದೆ. ಸಣ್ಣ ವೇದಿಕೆಗಳಲ್ಲಿ ಸ್ವಂತ ಹಾಡು ಹಾಡುವವರಿಗೆ ಇದು ದೊಡ್ಡ ಮೊತ್ತವಲ್ಲದಿದ್ದರೂ, ಬೇರೆಯವರ ಹಾಡಿನ ಬದಲು ತಮ್ಮದನ್ನೇ ಹಾಡಲು ಒಂದು ಕಾರಣವಂತೂ ಆಗುತ್ತದೆ. ನಮ್ಮಲ್ಲಿ ಇದೇ ಕೆಲಸಕ್ಕೆ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಇದೆ. 2017ರಲ್ಲಿ ಅದು ಹಕ್ಕುಸ್ವಾಮ್ಯ ಸಂಘವಾಗಿ ಮತ್ತೆ ನೋಂದಣಿ ಪಡೆಯಿತು. ಸಾಹಿತ್ಯ ಬರೆದವರೂ ರಾಗ ಹಾಕಿದವರೂ ಸದಸ್ಯರಾಗಬಹುದು. ನೀವು ಎರಡೂ ಆಗಿರುವುದರಿಂದ ನಿಮ್ಮ ಪಾಲು ಎರಡು ಕಡೆಯಿಂದಲೂ ಬರುತ್ತದೆ. ಹಾಡು ಬಿಡುಗಡೆಯಾಗುವ ಮೊದಲೇ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ.

ಕರಾರಿನ ವಿಷಯದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 18 ಮತ್ತು 19ನೆಯ ಕಲಮುಗಳನ್ನು, 2012ರ ತಿದ್ದುಪಡಿಯೊಂದಿಗೆ, ಪೂರ್ತಿ ಓದಿ. ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆಂದು ಭಾವಿಸಬೇಕು, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದು ಭಾವಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಕ್ಕನ್ನು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ರದ್ದಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಬಳಕೆಯಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ನಿಮ್ಮ ಹಕ್ಕನ್ನು ನೀವು ಕಂಪನಿಗೆ ಬಿಟ್ಟುಕೊಡಲು ಸಾಧ್ಯವಿಲ್ಲ. ಬಿಟ್ಟುಕೊಟ್ಟಿದ್ದೇನೆಂದು ಬರೆದು ಸಹಿ ಹಾಕಿದರೂ ಅದು ಊರ್ಜಿತವಾಗುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಈ ತಿದ್ದುಪಡಿಗಾಗಿ ನಮ್ಮ ಗೀತರಚನಕಾರರು ವರ್ಷಗಟ್ಟಲೆ ಹೋರಾಡಿದ್ದಾರೆ.

ಹಾಗೆಂದು ಕಾಯ್ದೆ ಕಾಪಾಡುತ್ತದೆಂದು ಕರಾರನ್ನು ಅಸ್ಪಷ್ಟವಾಗಿ ಬಿಡಬೇಡಿ. ಎಷ್ಟು ವರ್ಷ, ಯಾವ ಯಾವ ದೇಶ, ಯಾವ ಯಾವ ಮಾಧ್ಯಮ, ಲೆಕ್ಕಪತ್ರವನ್ನು ವರ್ಷಕ್ಕೆ ಎಷ್ಟು ಬಾರಿ ಕೊಡುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಮುದ್ರಣದ ವೆಚ್ಚವನ್ನು ನೀವೇ ಭರಿಸಿದ್ದರೆ ಧ್ವನಿಮುದ್ರಿಕೆಯ ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಂಡು, ಬಿಡುಗಡೆ ಮಾಡಲು ಮಾತ್ರ ನಿಗದಿತ ಅವಧಿಯ ಪರವಾನಗಿ ಕೊಡಬಹುದು. ಎರಡೇ ಹಾಡುಗಳಿಗೆ ಕರಾರು ಎಂದಿದ್ದೀರಿ. ಮುಂದೆ ಬರೆಯುವ ಹಾಡುಗಳ ಮೇಲೂ ಮೊದಲ ಹಕ್ಕು ತಮ್ಮದೆಂಬ ವಾಕ್ಯ ಎಲ್ಲಾದರೂ ಸೇರಿದೆಯೇ ಎಂದು ಪ್ರತಿ ಪುಟವನ್ನೂ ನೋಡಿ. ಅಟ್ಲಾಂಟಿಕ್‌ನಂಥ ಕಂಪನಿ ಐದು ಆಲ್ಬಂಗಳಿಗೆ ಒಪ್ಪಂದ ಮಾಡಿಕೊಂಡಾಗ ಅದರ ಜೊತೆ ಪ್ರವಾಸ, ಪ್ರಚಾರ, ಅಮೆರಿಕದ ರೇಡಿಯೊ ಎಲ್ಲವೂ ಬಂದವು. ಅಂಥ ಯಾವ ಹೊಣೆಯನ್ನೂ ಹೊರದ ಕಂಪನಿಗೆ ಮುಂದಿನ ಹಾಡುಗಳನ್ನು ಕಟ್ಟಿಕೊಡಲು ಕಾರಣವಿಲ್ಲ.

ಬೇಂದ್ರೆಯವರ ಪದ್ಯಕ್ಕೆ ಅವರ ವಾರಸುದಾರರ ಅನುಮತಿ ಬೇಕು. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಇರುತ್ತದೆ. ಅವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೂ ಅದು ಮುಂದುವರಿಯುತ್ತದೆ. ಅನುಮತಿ ಪತ್ರ ಕೈಗೆ ಬಂದ ಮೇಲೆ ಮುದ್ರಿಸಿ. ಷರೀಫರ ಪದಗಳಿಗೆ ಆ ತೊಡಕಿಲ್ಲ, ಆದರೆ ಈಚಿನವರು ಹಾಕಿದ ರಾಗವನ್ನು ಬಳಸುವುದಾದರೆ ಆ ರಾಗಕ್ಕೆ ಬೇರೆ ಹಕ್ಕು ಇರುತ್ತದೆ.

ನಿಮ್ಮ ತಂದೆಯವರ ಪ್ರಶ್ನೆಗೆ ನನ್ನ ಅಭಿಪ್ರಾಯ: ಪದವಿ ಮುಗಿಸಿ, ಸನ್ನದು ಪಡೆದುಕೊಳ್ಳಿ, ಹಾಡುವುದನ್ನು ಒಂದು ವಾರವೂ ನಿಲ್ಲಿಸಬೇಡಿ. ಈಗಿರುವ ಎರಡು ಹಾಡುಗಳನ್ನು ಒಂಟಿಯಾಗಿ ಹೊರಬಿಡುವ ಬದಲು, ಮೊದಲ ಉತ್ತರದಲ್ಲಿ ಹೇಳಿರುವಂತೆ, ನಾಲ್ಕೈದು ಹಾಡುಗಳು ಸಿದ್ಧವಾಗುವವರೆಗೆ ಕಾಯಿರಿ. ಜಯನಗರದಲ್ಲಿ 90.4ರಲ್ಲಿ ಸಮುದಾಯ ರೇಡಿಯೊ ಇದೆ. ಅಂಥ ಕೇಂದ್ರಗಳಿಗೆ ನೀವೇ ಹೋಗಿ ಮಾತನಾಡಿ. ಆಕಾಶವಾಣಿಯ ಸುಗಮ ಸಂಗೀತದ ಧ್ವನಿ ಪರೀಕ್ಷೆಗೂ ಅರ್ಜಿ ಹಾಕಿ. ಕರಾರು ಪತ್ರದಲ್ಲಿ ಕಂಪನಿಯ ಹೆಸರನ್ನು ಮರೆಮಾಡಿ, ಅವಧಿ ಮತ್ತು ಹಕ್ಕು ವರ್ಗಾವಣೆಯ ಕಲಮುಗಳನ್ನು ಮಾತ್ರ ಇಲ್ಲಿ ಹಾಕಿದರೆ, ಯಾವ ಸಾಲನ್ನು ಹೇಗೆ ತಿದ್ದಿಸಬೇಕೆಂದು ಬರೆದು ಕೊಡುತ್ತೇನೆ.